ಫ್ರಾನ್ಸಿನ ಓಟ, ಬಾಗಲಗುಂಟೆಯ ಓಟ

ಸಿನಿಮಾದಲ್ಲಿ ತಪ್ಪಿಸಿಕೊಂಡು ಓಡುವ ಮಕ್ಕಳಿಗೆ ಹಸಿವಾಗುವುದಿಲ್ಲ. ನೋಡಿದ ಪ್ರತಿ ಚಿತ್ರಕ್ಕೂ ತಾರೀಖು ಹಾಕಿ, ಸತ್ತವರೆಷ್ಟು, ಪುಡಿಯಾದ ಕಾರುಗಳೆಷ್ಟು ಎಂದು ಡೈರಿಯಲ್ಲಿ ಗೆರೆ ಎಳೆದು ಬರೆದಿಡುವ ನನ್ನ ಚಟದಿಂದ ಮನುಕುಲಕ್ಕೆ ದಕ್ಕಿದ ಏಕೈಕ ಸತ್ಯವಿದು. ಕಳೆದ ಭಾನುವಾರ ಮಧ್ಯಾಹ್ನ ಒಂದು ಫ್ರೆಂಚ್ ಚಿತ್ರ ಹಾಕಿಕೊಂಡು ಕೂತಿದ್ದೆ. ಪುಟ್ಟ ಹುಡುಗಿಯೊಬ್ಬಳು ಬಂದೂಕುಧಾರಿಗಳಿಂದ ತಪ್ಪಿಸಿಕೊಂಡು ಊರಿಂದೂರಿಗೆ ಓಡುತ್ತಾಳೆ. ಇಡೀ ದೇಶದ ಪೊಲೀಸರು ಹುಡುಕಿದರೂ ಸಿಗುವುದಿಲ್ಲ. ದಾರಿಯಲ್ಲಿ ಒಬ್ಬರಾದರೂ ಊಟವಾಯಿತೇ ಎಂದು ಕೇಳುವುದಿಲ್ಲ. ನಾನು ಚಕ್ಕುಲಿ ಕಡಿಯುತ್ತಾ ಅವಳಿಗಾಗಿ ಮನಸಾರೆ ಮರುಗುತ್ತಿದ್ದೆ.

ಅಷ್ಟರಲ್ಲಿ ಕೆಳಮನೆಯ ಏಳು ವರ್ಷದ ಭೂಮಿಕಾ ಬಾಗಿಲು ತಳ್ಳಿಕೊಂಡು ಬಂದು ನನ್ನ ಮಂಚದ ಕೆಳಗೆ ನುಸುಳಿದಳು.

"ಅಕ್ಕಾ, ಅಮ್ಮ ಬಂದ್ರೆ ನಾನಿಲ್ಲ ಅನ್ನು. ನಾನು ಹಾಸ್ಟೆಲ್‌ಗೆ ಹೋಗಲ್ಲ."

ವಿಷಯ ಬೀದಿಗೆಲ್ಲ ಗೊತ್ತಿದ್ದದ್ದೇ. ಅವಳ ತಾಯಿ ಮಂಜುಳಾ ಗಾರ್ಮೆಂಟ್ಸಿಗೆ, ತಂದೆ ಪೀಣ್ಯದ ಕಾರ್ಖಾನೆಗೆ ಹೋಗುವವರು. ಶಾಲೆ ಬಿಟ್ಟ ಮೇಲೆ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದೆ, ಮರುದಿನ ಬೆಳಿಗ್ಗೆ ದೂರದ ಹಾಸ್ಟೆಲ್ ಶಾಲೆಗೆ ಬಿಟ್ಟುಬರುವುದೆಂದು ತೀರ್ಮಾನಿಸಿದ್ದರು.

ಆದರೆ ತಲೆಮರೆಸಿಕೊಳ್ಳುವ ಕಲೆಯಲ್ಲಿ ಭೂಮಿಕಾ ಆ ಫ್ರೆಂಚ್ ಹುಡುಗಿಯ ಹತ್ತಿರಕ್ಕೂ ಬರುವವಳಲ್ಲ. ತಪ್ಪು ಅವಳದಲ್ಲ, ಬಾಗಲಗುಂಟೆಯದು. ನಮ್ಮ ಬೀದಿಯಲ್ಲಿ ಅಡಗಲು ಬಂದ ಮಗುವಿಗೆ ಮೊದಲು ತಟ್ಟೆ ಹಾಕುತ್ತಾರೆ, ಆಮೇಲೆ ತಾಯಿಗೆ ಫೋನ್ ಮಾಡುತ್ತಾರೆ. ಎದುರುಮನೆಯಲ್ಲಿ ಚಿತ್ರಾನ್ನ, ಮೂಲೆಮನೆಯಲ್ಲಿ ಬೋಂಡಾ ಮುಗಿಸಿ, ಫೋನಿನ ಮಾತು ಕಿವಿಗೆ ಬಿದ್ದೊಡನೆ ಅಲ್ಲಿಂದ ಹಾರಿ ಬಂದುದಾಗಿ ಅವಳೇ ಮಂಚದಡಿಯಿಂದ ವರದಿ ಒಪ್ಪಿಸಿದಳು. ಹಿಂದೆಯೇ ಒಂದು ತೇಗು. ಇಂಥ ಪರಾರಿಯನ್ನು ಬಚ್ಚಿಡುವುದು ಹೇಗೆ, ನೀವೇ ಹೇಳಿ!

ಮಂಜುಳಾ ಬಂದೇಬಿಟ್ಟರು. ಜೊತೆಗೆ ಮನೆಯ ಓನರ್ ಜಯಮ್ಮ. ಈ ಬೀದಿ ಹೊಲವಾಗಿದ್ದಾಗ ಇಲ್ಲಿ ರಾಗಿ ಬೆಳೆದವರು, ಈಗ ಅದೇ ಹೊಲದಲ್ಲಿ ಬಾಡಿಗೆದಾರರನ್ನು ಬೆಳೆಯುತ್ತಾರೆ. ನಾನು ಚಿತ್ರವನ್ನು ನಿಲ್ಲಿಸಿದೆ. ಹೆಣಗಳ ಲೆಕ್ಕ ಅಲ್ಲಿಗೇ ನಿಂತಿತು. ಬೆನ್ನಟ್ಟಿ ಬಂದ ಮಂಜುಳಾರ ಮುಖದಲ್ಲಿ ತಮ್ಮನ್ನೇ ಯಾರೋ ಅಟ್ಟಿಸಿಕೊಂಡು ಬಂದಂಥ ಬಳಲಿಕೆಯಿತ್ತು. ಮಗಳು ತಿಂದ ಮನೆಗಳಲ್ಲೆಲ್ಲ ತಾಯಿಯನ್ನೂ ಕೂರಿಸಿ, ಕಾಫಿಯನ್ನೂ ಬುದ್ಧಿವಾದವನ್ನೂ ಒಟ್ಟಿಗೆ ಕುಡಿಸಿದ್ದರು.

"ಎಲ್ಲಾರೂ ಸೇರ್ಕೊಂಡು ನನ್ನ ವಿಲನ್ ಮಾಡ್ಬಿಟ್ರಲ್ಲಾ!" ಎಂದರು ಮಂಜುಳಾ. "ಮಗೂನ ಕಳ್ಸೋಕೆ ನಂಗೇನು ಆಸೆನಾ? ಕೆಲಸ ಬಿಟ್ಟು ಮನೇಲಿ ಕೂತ್ಕೊಳ್ಳೋಕಾಗುತ್ತಾ?"

"ಬಿಡು ಅಂದೋರ್ಯಾರವ್ವ?" ಜಯಮ್ಮ ಸೊಂಟದ ಮೇಲೆ ಕೈಯಿಟ್ಟರು. "ಸೋಮವಾರ, ಮಂಗಳವಾರ ಚಿತ್ರಾನ್ನದೋಳು ನೋಡ್ಕಂತೀನಿ ಅಂದವ್ಳೆ. ಬುಧವಾರ, ಗುರುವಾರ ಬೋಂಡದೋಳು. ಶುಕ್ರವಾರ ನಾನಿವ್ನಿ." ಆಮೇಲೆ ನನ್ನತ್ತ ತಿರುಗಿ, "ಶನಿವಾರ ನೀನು ಕಣಮ್ಮ. ಎಂಗೂ ಪಿಚ್ಚರ್ ನೋಡ್ಕಂಡು ಬಿದ್ದಿರ್ತೀಯ" ಎಂದರು.

ಪ್ರಾಣದ ಹಂಗು ತೊರೆದು ಮಗುವನ್ನು ಕಾಯುವ ಧೀರರ ಪಟ್ಟಿಗೆ, ನನ್ನ ಒಪ್ಪಿಗೆ ಕೇಳದೆಯೇ, ನನ್ನನ್ನು ಸೇರಿಸಲಾಯಿತು.

ಮಂಜುಳಾ ಮಂಚದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಬಾರೆ ಈಚೆಗೆ."

"ಮೊದ್ಲು ಹೇಳು. ನಾಳೆ ಕಳಿಸ್ತೀಯಾ?"

ಮಂಜುಳಾ ಜಯಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ನಾನು, ಶನಿವಾರಗಳಿಗೆ ಮನಸ್ಸಿನಲ್ಲೇ ವಿದಾಯ ಹೇಳಿ, ತಲೆಯಾಡಿಸಿದೆ.

"ಇಲ್ಲ ಕಣೆ. ಇಲ್ಲೇ ಇಸ್ಕೂಲಿಗೆ ಹೋಗು. ಸಾಕಾ?"

ಭೂಮಿಕಾ ತೆವಳಿಕೊಂಡು ಈಚೆ ಬಂದು, ಲಂಗದ ಧೂಳು ಕೊಡವಿ, ಅಮ್ಮನ ಕೈ ಹಿಡಿದಳು. ಇಬ್ಬರೂ ಮೆಟ್ಟಿಲಿಳಿದರು, ಒಂದೊಂದೇ, ಏನೂ ಅವಸರವಿಲ್ಲದವರ ಹಾಗೆ.