ಮಗನ ಬಲಗೆನ್ನೆಯ ಗಂಧೆ

ನನ್ನ ಮಗನ ಬಲಗೆನ್ನೆಯ ಮೇಲೆ ಮೊದಲ ಸಲ ಗಂಧೆ ಎದ್ದಾಗ ಅವನಿಗೆ ಏಳು ತಿಂಗಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನಾವು ಪೋತ್ನಾಳದಲ್ಲಿದ್ದೆವು. ಕೆನ್ನೆಯಲ್ಲಿ ರೂಪಾಯಿ ಅಗಲದ ಕೆಂಪು, ಅದರ ಸುತ್ತ ಸೊಳ್ಳೆ ಕಡಿದಂಥ ದದ್ದು. ಅತ್ತೆ ನೋಡಿದವಳೇ ಪಿತ್ತದ ಗಂಧೆ ಎಂದು ತೀರ್ಪು ಕೊಟ್ಟು, ಹಳೆಯ ಕಂಬಳಿ ತಂದು ಉಜ್ಜಿದಳು. ನಾವು ಕುರಿ ಸಾಕುವ ಮಂದಿ. ಹುಟ್ಟಿದ ಕೂಸನ್ನು ಮಲಗಿಸಲು ಕಂಬಳಿ, ಮದುವೆಯಲ್ಲಿ ಕೂರಲು ಕಂಬಳಿ, ಗಂಧೆ ಎದ್ದರೆ ಉಜ್ಜಲೂ ಕಂಬಳಿ. ಉಜ್ಜಿದ ಮೇಲೆ ಗಂಧೆ ಇಳಿಯುತ್ತಿತ್ತು. ಉಜ್ಜದಿದ್ದರೂ ಇಳಿಯುತ್ತದೋ ಏನೋ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಒಡಹುಟ್ಟಿದ ಅಕ್ಕ. ಹುಟ್ಟಿದಾಗಿನಿಂದ ಅವಳನ್ನು ‘ನೀನು’ ಎಂದೇ ಮಾತಾಡಿಸಿದವಳು ನಾನು, ಹಾಗಾಗಿ ನಮ್ಮ ಜಗಳಕ್ಕೂ ಸಲಿಗೆ ಜಾಸ್ತಿ. ಅವಳ ಮಗನೇ ನನ್ನ ಗಂಡ, ಮಾನ್ವಿಯ ಶಾಲೆಯಲ್ಲಿ ಮಾಸ್ತರ. ಅವ್ವನಿಗೂ ಹೆಂಡತಿಗೂ ನಡುವೆ ಬಾಯಿ ಬಿಡದ ಜಾಣ. ಮನೆಯ ಯಜಮಾನಿಕೆ ಅತ್ತೆಯದು. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಕುಟ್ಟಿದ ಚಟ್ನಿಪುಡಿ, ಇಲ್ಲದಿದ್ದರೆ ಅವಳಿಗೆ ಊಟ ಊಟವೇ ಅಲ್ಲ. ಉಂಡವಳೇ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಮ್ಮಗನನ್ನು ಎತ್ತಿಕೊಳ್ಳುವಳು. ಬಲಗೆನ್ನೆಗೆ ಲೊಚಲೊಚ ಮುದ್ದು ಕೊಟ್ಟ ಮೇಲೆಯೇ ಅವಳ ಊಟ ಮುಗಿಯುತ್ತಿದ್ದದ್ದು.

ಗಂಧೆ ವಾರಕ್ಕೆ ನಾಲ್ಕು ಸಲ ಏಳತೊಡಗಿತು. ಒಮ್ಮೆ ಅತ್ತೆ ಬಾಗಲವಾಡದಲ್ಲಿದ್ದ ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದಳು. ಆ ನಾಲ್ಕೂ ದಿನ ಕೂಸಿನ ಕೆನ್ನೆ ಬೆಣ್ಣೆಯ ಹಾಗಿತ್ತು. ಪಕ್ಕದ ಮನೆಯವಳು ದನಿ ತಗ್ಗಿಸಿ, “ಮುದುಕಿ ದೃಷ್ಟಿನಽ ತಾಕಾಕತ್ತದ ನೋಡವ್ವಾ” ಅಂದಳು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಆ ಗಳಿಗೆಯ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಅತ್ತೆ ತಿರುಗಿ ಬಂದ ದಿನ ನಾನು ಬೇರೆ ಕೆಲಸವನ್ನೆಲ್ಲ ಬಿಟ್ಟು ಅವಳನ್ನೇ ನೋಡುತ್ತ ಕೂತೆ. ಉಂಡಳು, ಮುದ್ದಾಡಿದಳು. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಬಲಗೆನ್ನೆ ಕೆಂಪಾಯಿತು. ಅವಳ ತುಟಿಯ ಅಂಚಿನಲ್ಲಿ ಹಿಂಡಿಯ ಪುಡಿ ಇನ್ನೂ ಅಂಟಿಕೊಂಡಿತ್ತು.

“ಅತ್ತಿ, ಇದು ಪಿತ್ತ ಅಲ್ಲ. ಶೇಂಗಾ. ನಿನ್ನ ಬಾಯಾಗಿನ ಶೇಂಗಾ ಕೂಸಿಗೆ ಆಗಿಬರವಲ್ದು.”

“ಅಂದ್ರ ನನ್ನ ಮುದ್ದು ನಂಜೇನ?” ಅತ್ತೆಯ ಕಣ್ಣು ಕೆಂಡವಾಯಿತು. “ಶೇಂಗಾ ತಿಂದಽ ಬೆಳದೀವಿ ನಾವು. ನಿಮ್ಮಪ್ಪನ್ನ ಎತ್ತಿ ಬೆಳೆಸಿದ್ದು ಇದಽ ಬಾಯಿಲೇ ಮುದ್ದು ಕೊಟ್ಟು!”

ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರಲ್ಲ, ಹಾಗಾಯಿತು. ನಾನೂ ಅದೇ ಮನೆತನದ ರಕ್ತ, ಬಿಡಲಿಲ್ಲ. ಅವಳ ಊಟ ಮುಗಿಯುತ್ತಿದ್ದಂತೆ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ನಡೆಯುತ್ತಿದ್ದೆ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ನನಗೂ ಅತ್ತೆಗೂ ತವರು ಒಂದೇ, ದೇವದುರ್ಗದ ಕಡೆಯ ಮಸರಕಲ್. ಜಗಳವಾಡುತ್ತಲೇ ಒಂದೇ ಬಸ್ಸಿನಲ್ಲಿ ಹೋದೆವು. ಮನೆ ತುಂಬ ಉಂಡಿಗಳು. ಅದರಲ್ಲಿ ಶೇಂಗಾ ಉಂಡಿಯದೇ ದೊಡ್ಡ ಡಬ್ಬಿ. ಕೂಸಿಗೆ ಶೇಂಗಾ ಮುಟ್ಟಿಸಬೇಡಿ ಎಂದು ಎಲ್ಲರಿಗೂ ಸಾರಿ, ಅವನನ್ನು ಮನೆಯಲ್ಲೇ ಬಿಟ್ಟು ಹುತ್ತಕ್ಕೆ ಹಾಲೆರೆಯಲು ಹೋದೆ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎನ್ನುತ್ತ ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಹಾಲು ಹಾಕುವುದು ಪದ್ಧತಿ. ಮಗನ ಪಾಲನ್ನೂ ಹಾಕಿ ಮನೆ ಕಡೆ ತಿರುಗಿದೆ.

ಓಣಿಗೆ ಬರುವಷ್ಟರಲ್ಲಿ ಒಂದು ಕೂಸು ಅಳುವುದು ಕೇಳಿಸಿತು. ಅದು ನನ್ನದೇ ಕೂಸಿನ ಅಳು ಎಂದು ಗೊತ್ತಾಗಲಿಲ್ಲ. ದನಿ ಅಷ್ಟು ಗೊಗ್ಗರಾಗಿತ್ತು.

ತುಟಿ ಊದಿತ್ತು. ಒಂದು ಕಣ್ಣು ಮುಚ್ಚಿಕೊಂಡಿತ್ತು. ಮೈತುಂಬ ಗಂಧೆ, ಅಂಗಿಯ ಮೇಲೆ ವಾಂತಿ. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಇಬ್ಬರು ಹೆಂಗಸರು ಅವನನ್ನು ಕಂಬಳಿಯಲ್ಲಿ ಸುತ್ತಿ ಉಜ್ಜುತ್ತಿದ್ದರು. ಅತ್ತೆ ಗೋಡೆಗೆ ಆತು ನಿಂತಿದ್ದಳು.

“ಏನ್ ಕೊಟ್ಟೀ?”

“ಉಂಡಿ... ಒಂದು ಚೂರು. ನಾಲಿಗಿಗೆ ಹಚ್ಚೀನಿ ಅಷ್ಟ. ರೂಢಿ ಆಗ್ಲಿ ಅಂತ.”

“ಜಗಳ ಆಮ್ಯಾಲ. ಮೊದಲು ದವಾಖಾನಿ,” ಎಂದು ಕಂಬಳಿಯನ್ನು ಕಿತ್ತೆಸೆದು ಕೂಸನ್ನು ಎತ್ತಿಕೊಂಡೆ. ಹಬ್ಬದ ದಿನ ದವಾಖಾನೆಯಲ್ಲಿ ಯಾರಿರುತ್ತಾರೆ, ಮೊದಲು ದೃಷ್ಟಿ ತೆಗೆಯೋಣ ಎಂದು ಯಾರೋ ಅಡ್ಡ ಬಂದರು. ಅವರನ್ನು ತಳ್ಳಿಕೊಂಡೇ ಹೊರಟೆ. ರಸ್ತೆಯ ನಡುವೆ ನಿಂತು ಒಂದು ಲಾರಿ ತಡೆದೆ. ಹತ್ತಿ ನೋಡಿದರೆ ನನ್ನ ಹಿಂದೆಯೇ ಅತ್ತೆ, ಕಾಲಲ್ಲಿ ಚಪ್ಪಲಿಯಿಲ್ಲ. ದೇವದುರ್ಗ ಬರುವ ತನಕ ಅವಳೂ ನಾನೂ ಕೂಸಿನ ಎದೆ ಏಳುವುದನ್ನು, ಇಳಿಯುವುದನ್ನು ನೋಡುತ್ತಿದ್ದೆವು. ಇವನನ್ನು ನಾನು ಕಳೆದುಕೊಳ್ಳುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ದವಾಖಾನೆಯಲ್ಲಿ ಡಾಕ್ಟರರು ಇದ್ದರು. ಕೂಸನ್ನು ನೋಡಿದವರೇ ಏನೂ ಕೇಳದೆ ತೊಡೆಗೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಮತ್ತೆ ಮರುಕಳಿಸಬಹುದು ಎಂದು ಮರುದಿನದ ತನಕ ಅಲ್ಲೇ ಇಟ್ಟುಕೊಂಡರು.

“ಗಂಧಿ ಅಷ್ಟಽ ಇದ್ರ ಔಷಧ ಕುಡಿಸಿ, ಕಣ್ಣಾಗ ಕಣ್ಣಿಟ್ಟು ನೋಡ್ರಿ,” ಅಂದರು. “ಗಂಧಿ ಜೋಡಿ ವಾಂತಿ ಆತು, ದನಿ ಬದಲಾತು, ಉಸಿರು ಕಟ್ಟಾಕತ್ತು, ಕೂಸು ಸೋತು ಬಿತ್ತು, ಇದರಾಗ ಯಾವುದು ಕಂಡ್ರೂ ನಿಂತ ಕಾಲ ಮ್ಯಾಲ ಓಡಿ ಬರ್ರಿ. ಕಂಬಳಿಲೇ ಉಜ್ಜಿಕೋತ ಕುಂತ್ರ ಕೂಸು ಕೈಗೆ ಉಳಿಯಂಗಿಲ್ಲ. ರೂಢಿ ಮಾಡಸ್ತೀವಿ ಅಂತ ಮನ್ಯಾಗ ಮತ್ತ ತಿನ್ನಿಸಬ್ಯಾಡ್ರಿ.”

ಅತ್ತೆ ಮೆಲ್ಲಗೆ ಕೇಳಿದಳು, “ಯಪ್ಪಾ, ನನ್ನ ಮುದ್ದಿಗೂ ಏಳತಿದ್ವೇನ್ರಿ?”

“ಬಾಯಾಗಿನ ಶೇಂಗಾಕ್ಕ ಯವ್ವಾ, ಮುದ್ದಿಗಲ್ಲ.”

ಆ ಮಾತನ್ನು ನಾನು ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. “ಇನ್ನ ಮ್ಯಾಲ ಅವಗ ಯಾರೂ ಮುದ್ದು ಕೊಡೋದು ಬ್ಯಾಡ,” ಎಂದು ಅವಳ ಮುಖಕ್ಕೇ ಹೇಳಿದೆ.

ರಾಯಚೂರಿನ ಮಕ್ಕಳ ಡಾಕ್ಟರರೂ ಅದನ್ನೇ ಹೇಳಿದ ಮೇಲೆ ನನಗೆ ಕೋಡು ಮೂಡಿತು. ಓಣಿಯ ಪ್ರತಿ ಮನೆಗೂ ಹೋಗಿ ಹೇಳಿಬಂದೆ. ಹಿಂಡಿ ಕುಟ್ಟುವ ಒರಳು ಮನೆಯಿಂದ ಹೊರಗೆ ಹೋಯಿತು. ಕೈ ತೊಳೆಯದವರಿಗೆ ನನ್ನ ಕೂಸು ಸಿಗುತ್ತಿರಲಿಲ್ಲ. ಹುಚ್ಚಿ ಎಂದರು, ಎನ್ನಲಿ. ಅತ್ತೆ ಮಾತ್ರ ಒಂದಕ್ಕೂ ಎದುರು ಆಡಲಿಲ್ಲ. ಮೊಮ್ಮಗನಿಗೆ ನೀರೆರೆಯುವಳು, ಉಣಿಸುವಳು, ಮಲಗಿಸುವಳು. ಮುದ್ದು ಕೊಡುತ್ತಿರಲಿಲ್ಲ. ಗೆದ್ದೆ ಎಂದುಕೊಂಡು ನಾನು ಒಂದು ವರ್ಷ ಬೀಗಿದೆ.

ಮುಂದಿನ ಪಂಚಮಿಗೆ ಮತ್ತೆ ಮಸರಕಲ್ಲಿಗೆ ಹೋದೆವು. ಮಗ ಓಡಾಡುತ್ತಿದ್ದ. ಶೇಂಗಾ ಹುರಿಯುವ ಮೊದಲೇ ಅತ್ತೆ ಬಾಣಲೆ, ಸೌಟು ಎಲ್ಲವನ್ನೂ ತಿಕ್ಕಿ ತೊಳೆದು, ಅವನ ಪಾಲಿನ ರವೆ ಉಂಡಿ ಕಟ್ಟಿ ಬೇರೆ ಡಬ್ಬಿಯಲ್ಲಿಟ್ಟಳು. ಆಮೇಲೆ ನನ್ನ ಅವ್ವ ಶೇಂಗಾ ಉಂಡಿಯೊಂದನ್ನು ಪ್ರೀತಿಯಿಂದ ಅತ್ತೆಯ ಬಾಯಿಗೆ ಹಿಡಿದಳು. ಅತ್ತೆ ಮುಖ ತಿರುಗಿಸಿದಳು.

“ಬ್ಯಾಡವ್ವಾ. ಬಿಟ್ಟು ವರ್ಷ ಆತು.”

ನಾನು ದಂಗಾದೆ. ವರ್ಷವಿಡೀ ಅವಳ ಎದುರಿಗೇ ಕೂತು ಉಂಡಿದ್ದೆ. ಅವಳ ತಟ್ಟೆಯಲ್ಲಿ ಹಿಂಡಿ ಇಲ್ಲದ್ದನ್ನು ನೋಡಿದ್ದೆ. ಒರಳು ಹೊರಗಿಟ್ಟ ನನ್ನದೇ ಪ್ರತಾಪ ಎಂದುಕೊಂಡಿದ್ದೆ. ಅವಳು ಹೊರಗೆಲ್ಲೂ, ಯಾರ ಮನೆಯಲ್ಲೂ ಶೇಂಗಾ ಮುಟ್ಟಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ.

“ಹಂಗಾದ್ರ ಅತ್ತಿ, ಕೂಸಿಗೆ ಮುದ್ದು ಯಾಕ ಕೊಡವಲ್ಲೀ?”

ಅವಳು ನನ್ನ ಮುಖ ನೋಡಿದಳು. “ನೀ ಕೊಡು ಅಂತ ಹೇಳೇ ಇಲ್ಲಲ್ಲವಾ.”

ಮಗನನ್ನು ಎತ್ತಿ ತಂದು ಅವಳ ತೊಡೆಯ ಮೇಲೆ ಕೂರಿಸಿದೆ. ಅತ್ತೆ ಅವನನ್ನು ಕೆಳಗಿಳಿಸಿ, ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದಳು. ಸೆರಗಿನಿಂದ ತುಟಿ ಒರೆಸಿಕೊಂಡು, ಬಲಗೆನ್ನೆಗೇ ಒಂದು ಮುದ್ದು ಕೊಟ್ಟಳು. ಆಮೇಲೆ ನಾವಿಬ್ಬರೂ ಆ ಕೆನ್ನೆಯನ್ನೇ ನೋಡುತ್ತ ಬಹಳ ಹೊತ್ತು ಕೂತೆವು. ಒಂದು ಗಂಧೆಯೂ ಏಳಲಿಲ್ಲ.