ಬೈಂಡರ್ ಇಟ್ಟ ಮುತ್ತು

ಎಲ್ಲರಿಗೂ ಅವನು ಅಂಟಣ್ಣ. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಬಂದ ಹೆಸರು. ಮನೆಯ ಮುಂದಿನ ಕೋಣೆಯೇ ಅವನ ಪುಸ್ತಕ ಬೈಂಡಿಂಗ್ ಅಂಗಡಿ; ಹಿಂದಿನ ಎರಡು ಕೋಣೆಗಳಲ್ಲಿ ಅವನು ಮತ್ತು ಅವನನ್ನು ಎತ್ತಿ ಆಡಿಸಿದ ಅಕ್ಕ. ಯಾರಾದರೂ ಮದುವೆಯ ಮಾತೆತ್ತಿದರೆ, “ನನ್ನನ್ನ ಹೊಲಿಯೋ ದಾರ ಇನ್ನೂ ಅಂಗಡಿಗೆ ಬಂದಿಲ್ಲ” ಎಂದು ನಕ್ಕುಬಿಡುತ್ತಿದ್ದ.

ಅವನಿಗಿದ್ದ ಹೆಮ್ಮೆ ಒಂದೇ. ಇಪ್ಪತ್ತಾರು ವರ್ಷಗಳಿಂದ ಚರ್ಚಿನ ಭಾನುವಾರದ ಪೂಜೆಗೆ ಶುಭಸಂದೇಶದ ಗ್ರಂಥವನ್ನು ಎತ್ತಿ ಹಿಡಿದು ಬಲಿಪೀಠದವರೆಗೆ ಒಯ್ಯುವವನು ಅವನೇ. ವಾರವಿಡೀ ಬಾಗಿದ ಬೆನ್ನು ಆ ನಲವತ್ತು ಹೆಜ್ಜೆ ಮಾತ್ರ ನೆಟ್ಟಗಿರುತ್ತಿತ್ತು.

ಪಕ್ಕದ ಬೀದಿಯ ಮಸೀದಿಯ ಮೌಲವಿ ಒಂದು ದಿನ ಹಳೆಯ ಕುರಾನ್ ತಂದುಕೊಟ್ಟರು. ಒಂದೊಂದು ಹಾಳೆಯೂ ಬಿಡಿಯಾಗಿತ್ತು. ಅಂಟಣ್ಣ ಕೈ ತೊಳೆದು ಕೂತು ನಾಲ್ಕು ದಿನ ಹೊಲಿದ. ಆದರೆ ಅವನ ಕೈಗೆ ಗೊತ್ತಿದ್ದ ದಾರಿ ಒಂದೇ. ಹಾಳೆಗಳನ್ನು ಹಿಡಿದಿಡುವ ಬೆನ್ನನ್ನು ಎಡಕ್ಕೆ ಕೊಟ್ಟು, ರಟ್ಟು ಅಂಟಿಸಿ ಮುಗಿಸಿಯೇಬಿಟ್ಟ. ಮೌಲವಿ ತೆರೆಯಲು ಹೋದಾಗ ಬೆರಳಿಗೆ ಸಿಕ್ಕಿದ್ದು ಬೆನ್ನು.

“ಅಣ್ಣಾ, ಇದು ಬಲಗಡೆಯಿಂದ ಓದೋದು. ಬಾಗಿಲು ಇಡೋ ಕಡೆ ಗೋಡೆ ಕಟ್ಟಿಬಿಟ್ಟಿದ್ದೀರಲ್ಲ!” ಎಂದು ಮುದುಕ ನಕ್ಕರು.

ಅಂಟಣ್ಣನಿಗೆ ನಗು ಬರಲಿಲ್ಲ. ಹೊಲಿಗೆಯನ್ನೆಲ್ಲ ಬಿಚ್ಚಿದ. ಸೂಜಿಯ ತೂತುಗಳನ್ನು ತೆಳು ಕಾಗದದಿಂದ ಒಂದೊಂದಾಗಿ ಮುಚ್ಚಿ, ಇನ್ನೊಂದು ಅಂಚಿಗೆ ಹೊಸದಾಗಿ ಹೊಲಿದ. ವಾರ ಕಳೆದು ಒಪ್ಪಿಸುವಾಗ ಗ್ರಂಥವನ್ನು ಹಣೆಗೊತ್ತಿಕೊಂಡು ಮುತ್ತಿಟ್ಟ. ಚರ್ಚಿನ ಪುಸ್ತಕಕ್ಕೆ ಕೈತಪ್ಪಿನಿಂದ ಏನಾದರೂ ಆದರೆ ಅವನು ಮಾಡುತ್ತಿದ್ದುದೂ ಅದನ್ನೇ. ಮೌಲವಿ ಅವನ ಭುಜ ಮುಟ್ಟಿ ಹೋದರು.

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಅದನ್ನು ಕಂಡಳು.

“ಏನೋ ಮಾಡಿದೆ ನೀನು?”

“ತಪ್ಪಾಯ್ತು ಅಂದೆ ಅಕ್ಕಾ.”

“ಬಾಯಲ್ಲಿ ಅನ್ನೋಕೆ ನಾಲಿಗೆ ಬಿದ್ದುಹೋಗಿತ್ತಾ?”

ಅವಳಿಗೆ ಊಟ ಸೇರಲಿಲ್ಲ. ಮನಸ್ಸಿನ ಭಾರ ಇಳಿಸಿಕೊಳ್ಳಲು ಫಾದರ್ ಬಳಿ ಹೇಳಿಕೊಂಡಳು. ಪಕ್ಕದಲ್ಲಿ ಹಾಡಿನ ಪುಸ್ತಕ ಜೋಡಿಸುತ್ತಿದ್ದ ಹಾಡಿನ ಮೇಷ್ಟ್ರ ಕಿವಿಗೂ ಅದು ಬಿತ್ತು. ಎರಡೇ ದಿನದಲ್ಲಿ ಚರ್ಚಿನವರೆಲ್ಲರ ಬಾಯಲ್ಲಿ ಅದೇ ಮಾತು. ಕಮಿಟಿ ಸೇರಿತು.

“ಇವತ್ತು ಮುತ್ತು, ನಾಳೆ ನಮಾಜು!” ಎಂದರು ಮೇಷ್ಟ್ರು.

“ಪಕ್ಕದ ಮನೆ ತಾಯಿಗೆ ಕೈಮುಗಿದ್ರೆ ನಮ್ಮ ತಾಯಿ ಬೇರೆ ಆಗಿಬಿಡ್ತಾಳೇನಪ್ಪಾ?” ಎಂದಳು ಕಮಿಟಿಯ ಹಿರಿಯಜ್ಜಿ.

“ಕೈಮುಗಿಯೋದು ಬೇರೆ ಅಜ್ಜಿ, ಅಮ್ಮಾ ಅನ್ನೋದು ಬೇರೆ. ಆ ಗ್ರಂಥ ನಮ್ಮ ಸ್ವಾಮಿಯನ್ನ ದೇವಪುತ್ರ ಅಂತ ಒಪ್ಪಲ್ಲ. ಅದಕ್ಕೆ ಮುತ್ತಿಟ್ಟ ಬಾಯಲ್ಲಿ ಅವನು ಪ್ರಸಾದ ತಗೊಳ್ಳೋದಾ?” ಮೇಷ್ಟ್ರು ಬಿಡಲಿಲ್ಲ.

ಫಾದರ್ ಅಂಟಣ್ಣನನ್ನು ಹೊರಗೆ ಕರೆದೊಯ್ದರು.

“ನಮ್ಮ ಧರ್ಮಸಭೆಯ ದೊಡ್ಡ ಗುರು ಪೋಪರೇ ಹಿಂದೊಮ್ಮೆ ಹೀಗೆ ಮಾಡಿದಾಗ ಎದ್ದ ಜಗಳ ಇನ್ನೂ ಮುಗಿದಿಲ್ಲ ಕಣಯ್ಯಾ. ನಾನು ನೀನು ಯಾವ ಲೆಕ್ಕ? ಗೊತ್ತಿಲ್ದೆ ಆಯ್ತು ಅಂತ ಒಂದು ಮಾತು ಹೇಳು. ಭಾನುವಾರ ಗ್ರಂಥ ನೀನೇ ಹಿಡಿ.”

ಅಂಟಣ್ಣ ಉಗುರಿನ ಅಂಟು ಕೆರೆಯುತ್ತ ನಿಂತ. “ಗೊತ್ತಿಲ್ದೆ ತಪ್ಪಿದ್ದು ಪುಸ್ತಕದ ಬೆನ್ನು, ಫಾದರ್. ಅದನ್ನ ಬಿಚ್ಚಿ ಸರಿ ಮಾಡಿದೆ. ಮುತ್ತು ಗೊತ್ತಿದ್ದೇ ಇಟ್ಟಿದ್ದು.”

ಆ ಭಾನುವಾರ ಗ್ರಂಥ ಹಿಡಿದವರು ಮೇಷ್ಟ್ರು. ಕೊನೆಯ ಬೆಂಚಿನಲ್ಲಿ ಕೂತ ಅಂಟಣ್ಣ ಅವರ ಹೆಜ್ಜೆ ಎಣಿಸಿದ. ಮುಂದಿನ ಸಾಲಿನಲ್ಲಿದ್ದ ಅಕ್ಕ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ.

ಮರುದಿನ ಮೌಲವಿ ಬರಿಗೈಯಲ್ಲಿ ಬಂದರು. “ನಮ್ಮೋರೂ ಕೇಳ್ತಿದ್ದಾರೆ ಅಣ್ಣಾ, ಅವನ್ಯಾಕೆ ಮುತ್ತಿಟ್ಟ, ಒಳಗೆ ಏನೋ ಇದೆ ಅಂತ. ಮಸೀದಿಯ ಉಳಿದ ಪುಸ್ತಕಗಳು ಬೈಂಡಿಂಗಿಗೆ ಬೇರೆ ಕಡೆ ಹೋಗ್ತವೆ. ನಾನು ಮುದುಕ, ನನ್ನ ಮಾತು ನಡೆಯಲ್ಲ.” ಕೂರಲು ಹೇಳಿದರೂ ಕೂರಲಿಲ್ಲ.

ಅಕ್ಕ ಬಡಿಸುವುದನ್ನು ನಿಲ್ಲಿಸಲಿಲ್ಲ, ಮಾತಾಡುವುದನ್ನು ನಿಲ್ಲಿಸಿದಳು. ಶನಿವಾರ ರಾತ್ರಿ ಊಟದ ಹೊತ್ತಿಗೆ ಒಂದೇ ಒಂದು ಸಲ, “ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?” ಎಂದು ಅತ್ತಳು.

ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯಿತು. ಅಂಟಣ್ಣ ಮಾಸಿದ ಅಂಗಿಯಲ್ಲೇ ಕೂತಿದ್ದ. ಅಕ್ಕ ತಲೆಗೆ ಸೆರಗು ಹೊದ್ದು ಹೊಸ್ತಿಲ ಬಳಿ ಕ್ಷಣ ತಡೆದಳು. ಬಾ ಎನ್ನಲಿಲ್ಲ. ಬಾಗಿಲೆಳೆದುಕೊಂಡು, ಒಳಗೆ ಯಾರೂ ಇಲ್ಲವೆಂಬಂತೆ ಹೊರಗಿನಿಂದ ಬೀಗ ಹಾಕಿದಳು. ಬೀಗ ಬಿದ್ದದ್ದು ಅವನಿಗೆ ಕೇಳಿಸಿತು. ಕೂಗಲಿಲ್ಲ.