ಎಡಗೈ ಎತ್ತಿದ ಮಕ್ಕಳು

ಕೊರೋನಾ ಕಾಟ ತಗ್ಗಿ ಶಾಲೆಗಳ ಬಾಗಿಲು ಪೂರ್ತಿ ತೆರೆದ ವರ್ಷ. ನಾನಾಗ ಮಲ್ಲೇಶ್ವರಂನ ಹಳೆಯ ಖಾಸಗಿ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಕಲಿಸುವ ತಾತ್ಕಾಲಿಕ ಶಿಕ್ಷಕಿ. ತಾತ್ಕಾಲಿಕ ಎಂದರೆ ಕೆಲಸವೆಲ್ಲ ಖಾಯಂ ಆದವರಷ್ಟೇ. ಬೇಸಿಗೆ ರಜೆ ಹತ್ತಿರ ಬಂತೆಂದರೆ ಮಾತ್ರ ಎದೆ ಢವಢವ. ಜೂನ್ ತಿಂಗಳಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎನ್ನುವುದು ದೇವರಿಗೂ ಶಾಲೆಯ ಕಾರ್ಯದರ್ಶಿಗಳಿಗೂ ಮಾತ್ರ ಗೊತ್ತಿರುವ ವಿಷಯ. ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ನನ್ನ ಗಂಡನ ಪುಟ್ಟ ಪ್ರೆಸ್, ಮದುವೆಗಳೇ ನಿಂತುಹೋದ ಆ ದಿನಗಳಲ್ಲಿ ಮುಚ್ಚಿತ್ತು. ಮನೆ ನಡೆಯುತ್ತಿದ್ದದ್ದು ನನ್ನೊಬ್ಬಳ ಸಂಬಳದಲ್ಲಿ.

ಮಕ್ಕಳ ಸ್ಥಿತಿ ಹೇಳುವುದೇ ಬೇಡ. ಐದನೇ ತರಗತಿಯಲ್ಲಿ ಮೊಬೈಲ್ ಹಿಡಿದು ಕೂತವರು ಏಳನೇ ತರಗತಿಗೆ ಬಂದು ಎದ್ದಿದ್ದರು. ನಡುವೆ ಕಲಿಯಬೇಕಾದ ಇಂಗ್ಲಿಷೆಲ್ಲ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಕಳೆದುಹೋಗಿತ್ತು. ತಂದೆತಾಯಿಗಳು ಬಂದು ಆಕ್ಷೇಪಿಸಿದರು. ಅದಕ್ಕೆ ಕಾರ್ಯದರ್ಶಿಗಳು ಕಂಡುಕೊಂಡ ಉಪಾಯವೆಂದರೆ ಸ್ಪೋಕನ್ ಇಂಗ್ಲಿಷ್ ಕಲಿಸುವ ಹೊರಗಿನ ಕಂಪನಿಯೊಂದಕ್ಕೆ ನನ್ನ ತರಗತಿಗಳನ್ನು ಒಪ್ಪಿಸುವುದು. ಮುಖ್ಯೋಪಾಧ್ಯಾಯಿನಿ ನನ್ನ ಪರವಾಗಿ ಒಂದು ಮಾತಾಡಿದ್ದರಿಂದ, ಮೊದಲು ಒಂದು ಪಾಠ ನೋಡೋಣ ಎಂದು ಒಪ್ಪಿದರು. ಬಸವನಗುಡಿಯಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟರೊಬ್ಬರನ್ನು ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸುವುದು, ಅವರು ಸರಿ ಎಂದರೆ ನಾನು ಇರುವುದು, ಇಲ್ಲವಾದರೆ ಮನೆಗೆ ಹೊರಡುವುದು. ಆ ವಾರ ಬಂದಿದ್ದ ಪಾಠ ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್.

ಇಂಗ್ಲಿಷ್ ವ್ಯಾಕರಣದಲ್ಲಿ ಮಕ್ಕಳನ್ನು ಅಳಿಸುವ ಪಾಠ ಇದು. ಕನ್ನಡದಲ್ಲಿ ಕರ್ತರಿ, ಕರ್ಮಣಿ ಎನ್ನುತ್ತಾರಲ್ಲ, ಅದೇ. ‘ರಾಮು ಮಾವಿನಹಣ್ಣು ತಿನ್ನುತ್ತಾನೆ’ ಎನ್ನುವುದು ಆ್ಯಕ್ಟಿವ್. ‘ಮಾವಿನಹಣ್ಣು ರಾಮುವಿನಿಂದ ತಿನ್ನಲ್ಪಡುತ್ತದೆ’ ಎನ್ನುವುದು ಪ್ಯಾಸಿವ್. ಹೀಗೆ ಮಾತಾಡುವ ಮನುಷ್ಯನನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಕಂಡಿಲ್ಲ. ಆದ್ದರಿಂದ ಹಿಂದಿನದನ್ನು ಮುಂದೆ ಹಾಕು, ಮುಂದಿನದನ್ನು ಹಿಂದೆ ಹಾಕು, ನಡುವೆ ‘ಬೈ’ ಸೇರಿಸು ಎಂದು ಬಾಯಿಪಾಠ ಮಾಡಿಸುವುದೇ ಎಲ್ಲೆಡೆ ನಡೆದುಬಂದ ಪದ್ಧತಿ. ನಾನೂ ಹಾಗೇ ಕಲಿತವಳು, ಹಾಗೇ ಕಲಿಸುತ್ತಿದ್ದವಳು. ಅರ್ಧದಷ್ಟು ಮಕ್ಕಳಿಗೆ ಅದು ತಲೆಗೆ ಹತ್ತಿರಲಿಲ್ಲ.

ನನ್ನ ಮುಖ ಬಾಡಿದ್ದು ನೋಡಿ ಸೀತಾಲಕ್ಷ್ಮಿ ಮಿಸ್ ನಕ್ಕರು. ಅವರು ಕನ್ನಡದ ಹಿರಿಯ ಶಿಕ್ಷಕಿ. ಎಷ್ಟು ಇನ್ಸ್‌ಪೆಕ್ಷನ್‌ಗಳನ್ನು ದಾಟಿಸಿದ್ದರೋ, ಅವರಿಗೇ ಲೆಕ್ಕ ಸಿಗುತ್ತಿರಲಿಲ್ಲ.

“ಅಯ್ಯೋ, ಇಷ್ಟಕ್ಕೆಲ್ಲ ಯಾಕ್ರೀ ಹೆದರ್ಕೋತೀರಾ? ಉತ್ತರ ಗೊತ್ತಿರೋ ಮಕ್ಕಳು ಬಲಗೈ ಎತ್ಲಿ, ಗೊತ್ತಿಲ್ದೇ ಇರೋವು ಎಡಗೈ ಎತ್ಲಿ. ನೋಡೋರ ಕಣ್ಣಿಗೆ ಕ್ಲಾಸೆಲ್ಲ ಕೈಯೋ ಕೈ. ನೀವು ಬಲಗೈಯೋರನ್ನ ಮಾತ್ರ ಏಳ್ಸಿ” ಎಂದರು.

ಇದು ಅವರೇ ಕಂಡುಹಿಡಿದದ್ದೇನಲ್ಲ. ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಹಿಂದಿನಿಂದಲೂ ನಡೆಯುತ್ತಿದ್ದ ಏರ್ಪಾಡು. ಮೂರು ದಿನ ಅಭ್ಯಾಸ ಮಾಡಿಸಿದೆವು. ಮಕ್ಕಳಿಗೆ ವ್ಯಾಕರಣಕ್ಕಿಂತ ಇದು ಬೇಗ ಹಿಡಿಸಿತು. ಹಿಂದಿನ ದಿನ ಸೀತಾಲಕ್ಷ್ಮಿ ಮಿಸ್ ತರಗತಿಗೆ ಬಂದು, “ನಾಳೆ ನಿಮ್ ಮಿಸ್ಸಿನ ಕೆಲಸ ನಿಮ್ ಕೈಲಿದೆ. ಕೈ ನೆಟ್ಟಗೆ ಎತ್ತಿ!” ಎಂದು ಬೇರೆ ಹೇಳಿ ಹೋದರು. ಮಕ್ಕಳ ಮುಖ ಗಂಭೀರವಾಯಿತು.

ಮಾರನೆಯ ದಿನ ಕಾರ್ಯದರ್ಶಿಗಳೂ ಮೇಷ್ಟರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟರು ತೆಳ್ಳಗಿನ ಮನುಷ್ಯರು, ಇಸ್ತ್ರಿ ಮಾಡಿದ ಬಿಳಿ ಷರ್ಟು, ಮುಖದಲ್ಲಿ ಮೆಚ್ಚುಗೆಯೂ ಇಲ್ಲ, ಮುನಿಸೂ ಇಲ್ಲ. ಬೋರ್ಡಿನ ಮೇಲೆ ರಾಮುವನ್ನೂ ಅವನ ಮಾವಿನಹಣ್ಣನ್ನೂ ಬರೆದು ಪಾಠ ಮುಗಿಸಿದೆ. ಪ್ರಶ್ನೆ ಕೇಳಿದೆ. ತರಗತಿಯ ಅಷ್ಟೂ ಕೈಗಳು ಒಟ್ಟಿಗೆ ಮೇಲೆದ್ದವು. ಕಾರ್ಯದರ್ಶಿಗಳ ಹುಬ್ಬೂ ಮೇಲೆದ್ದಿತು.

ಇಲ್ಲಿ ನನ್ನ ಒಂದು ಅಭ್ಯಾಸ ಹೇಳಬೇಕು. ಮಾಸ್ಕ್ ಹಾಕಿದ ಮಕ್ಕಳ ದನಿ ಕೇಳಿಸುವುದಿಲ್ಲವೆಂದು ನಾನು ಪ್ರಶ್ನೆ ಕೇಳುವಾಗ ಯಾವಾಗಲೂ ಹಿಂದಿನ ಬೆಂಚಿನ ಹತ್ತಿರ, ಅವರ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಕೈಗಳ ಅಭ್ಯಾಸ ಮಾಡಿಸಿದ್ದೂ ಅಲ್ಲಿಂದಲೇ. ಅಲ್ಲಿಂದ ನೋಡಿದರೆ ಅವರ ಬಲ ನನಗೂ ಬಲ. ಆ ದಿನ ಆ ಜಾಗದಲ್ಲಿ ಅತಿಥಿಗಳಿದ್ದರು. ನಾನು ಬೋರ್ಡಿನ ಮುಂದೆ, ಮಕ್ಕಳಿಗೆ ಎದುರಾಗಿ ನಿಂತಿದ್ದೆ. ನನ್ನ ಬಲಕ್ಕೆ ಕಂಡದ್ದು ಅವರ ಎಡಗೈ. ಗಾಬರಿಯಲ್ಲಿ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ. ತೇಜಸ್ ಎನ್ನುವ ಹುಡುಗನನ್ನು ಏಳಿಸಿದೆ. ಅವನು ಎದ್ದು ನಿಂತು ನನ್ನನ್ನೇ ಮಿಕಮಿಕ ನೋಡಿದ. ಪಾಪ, ಹೆದರಿದ್ದಾನೆ ಎಂದುಕೊಂಡು ಅವನನ್ನು ಕೂರಿಸಿ, ಎರಡನೇ ಸಾಲಿನ ಭೂಮಿಕಾಳನ್ನು ಏಳಿಸಿದೆ.

ಭೂಮಿಕಾ ಎದ್ದಳು. ಎತ್ತಿದ ಕೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಇಡೀ ತರಗತಿಗೆ ಕೇಳುವ ಹಾಗೆ, “ಮಿಸ್! ನಾನು ಎತ್ತಿದ್ದು ಎಡಗೈ ಮಿಸ್!” ಎಂದು ಕೂಗಿಬಿಟ್ಟಳು.

ಬಾಗಿಲಾಚೆ ನಿಂತಿದ್ದ ಸೀತಾಲಕ್ಷ್ಮಿ ಮಿಸ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದು ಕಾಣಿಸಿತು. ಮೇಷ್ಟರು ಮುಂದಕ್ಕೆ ಬಾಗಿ, “ಎಡಗೈ ಎತ್ತಿದ್ರೆ ಏನಮ್ಮ?” ಎಂದು ಮೆತ್ತಗೆ ಕೇಳಿದರು.

ಭೂಮಿಕಾ ನನ್ನ ಕಡೆ ನೋಡಿದಳು, ಅವರ ಕಡೆ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

“ಏನಿಲ್ಲ ಸರ್. ಸುಮ್ನೆ ಅಂದೆ. ನಮ್ ಮಿಸ್ ಏನೂ ಹೇಳ್ಕೊಟ್ಟಿಲ್ಲ.”

ಅವಳು ಕಾಪಾಡಲು ಹೊರಟ ರೀತಿಯಲ್ಲೇ ಗುಟ್ಟು ಬಯಲಾಗಿತ್ತು. ಹನ್ನೆರಡು ವರ್ಷದ ಮಗು ನನಗಾಗಿ ಸುಳ್ಳು ಹೇಳುತ್ತಿರುವಾಗ ನಾನು ಬೋರ್ಡಿನ ಮುಂದೆ ಸುಮ್ಮನೆ ನಿಂತಿರಲಾಗಲಿಲ್ಲ. “ಸರ್, ಉತ್ತರ ಗೊತ್ತಿಲ್ಲದ ಮಕ್ಕಳು ಎಡಗೈ ಎತ್ತಬೇಕು ಅಂತ ನಾವೇ ಹೇಳ್ಕೊಟ್ಟಿದ್ವಿ. ಮಕ್ಕಳದ್ದೇನೂ ತಪ್ಪಿಲ್ಲ” ಎಂದೆ. ಕಾರ್ಯದರ್ಶಿಗಳು ಎದ್ದೇಬಿಟ್ಟರು. ಮೇಷ್ಟರು ಅವರ ತೋಳು ಹಿಡಿದು ಕೂರಿಸಿದರು.

“ಎಲ್ರೂ ಇನ್ನೊಂದ್ಸಲ ಕೈ ಎತ್ರಪ್ಪ, ಸರಿಯಾಗಿ ನೋಡ್ತೀನಿ” ಎಂದರು. ಮಕ್ಕಳು ಅನುಮಾನಿಸುತ್ತ ಎತ್ತಿದರು. ಅರ್ಧಕ್ಕಿಂತ ಜಾಸ್ತಿ ಎಡಗೈಗಳು. “ಯಾರಿಗೆ ಪಾಠ ಮಾಡ್ಬೇಕು ಅಂತ ಈಗ ಗೊತ್ತಾಯ್ತಲ್ಲ ಮೇಡಂ. ಬೆಲ್ ಇನ್ನೂ ಹೊಡೆದಿಲ್ಲ. ಮಾಡಿ.”

ಹೋಗುವುದು ಹೇಗೂ ಹೋಯಿತು ಎಂದಾದಾಗ ಬರುವ ಒಂದು ಧೈರ್ಯವಿದೆಯಲ್ಲ, ಅದು ಬಂತು. ರಾಮುವನ್ನೂ ಮಾವಿನಹಣ್ಣನ್ನೂ ಒರೆಸಿಹಾಕಿದೆ. ಭೂಮಿಕಾಳ ಮನೆ ವೈಯಾಲಿಕಾವಲ್‌ನಲ್ಲಿ. ಅವಳ ಅಮ್ಮ, ಅಜ್ಜಿ ಮನೆಯಲ್ಲೇ ಕೊಡುಬಳೆ, ಚಕ್ಕುಲಿ ಮಾಡಿ ಮಲ್ಲೇಶ್ವರಂನ ಅಂಗಡಿಗಳಿಗೆ ಕೊಡುತ್ತಿದ್ದರು. ಇಂಗ್ಲಿಷ್ ಬದಿಗಿಟ್ಟು ಕನ್ನಡದಲ್ಲೇ ಕೇಳಿದೆ: “ಕೊಡುಬಳೆ ಹೇಗೆ ಮಾಡೋದು, ಹೇಳು.”

“ಹಿಟ್ಟು ಕಲಸ್ತಾರೆ ಮಿಸ್. ಹೊಸೀತಾರೆ. ಬಳೆ ಮಾಡ್ತಾರೆ. ಎಣ್ಣೇಲಿ ಕರೀತಾರೆ.”

“ಯಾರು?”

“ಯಾರಾದ್ರೂ ಮಿಸ್. ಅಜ್ಜಿ, ಅಮ್ಮ, ಒಂದೊಂದ್ಸಲ ನಾನೂನೂ. ಅಂಗಡಿಯೋರು ಯಾರು ಮಾಡಿದ್ದು ಅಂತೆಲ್ಲಾ ಕೇಳಲ್ಲ. ಗರಿಗರಿ ಇದ್ಯಾ ಅಂತ ಕೇಳ್ತಾರೆ ಅಷ್ಟೇ.”

ನನಗೆ ಬೇಕಾಗಿದ್ದದ್ದು ಇಷ್ಟೇ. ಮಾಡಿದವರು ಯಾರು ಎನ್ನುವುದು ಯಾರಿಗೂ ಬೇಡವಾದಾಗ, ಆದ ಕೆಲಸವಷ್ಟೇ ಮುಖ್ಯವಾದಾಗ, ಇಂಗ್ಲಿಷಿನವರು ಆ ವಸ್ತುವನ್ನೇ ಮುಂದೆ ಕೂರಿಸಿ ಮಾತಾಡುತ್ತಾರೆ ಎಂದು ಹೇಳಿದೆ. ನಾನು ಹಿಟ್ಟು ಕಲಸುವ ಅಭಿನಯ ಮಾಡಿ ‘ದ ಫ್ಲೌರ್ ಈಸ್ ಮಿಕ್ಸ್ಡ್’ ಎಂದೆ. ಹೊಸೆದು ತೋರಿಸಿ ‘ದ ಡೋ ಈಸ್ ರೋಲ್ಡ್’ ಎಂದೆ. ಬಾಣಲೆಗೆ ಬಿಡುವ ಹಾಗೆ ಕೈಯಾಡಿಸಿದಾಗ ನಾನು ಬಾಯಿ ತೆರೆಯುವ ಮೊದಲೇ ಭೂಮಿಕಾ, “ದ ಕೊಡುಬಳೆ ಈಸ್ ಫ್ರೈಡ್!” ಎಂದಳು. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಯಿಂದ ಒಂದೊಂದು ತಂದರು. ಇಸ್ತ್ರಿ ಅಂಗಡಿಯವರ ಮಗಳ ಬಟ್ಟೆಗಳು ‘ಐರನ್ಡ್’ ಆದವು. ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟವರ ಮಗನ ಮೂಟೆಗಳು ‘ಅನ್‌ಲೋಡೆಡ್’ ಆದವು. ತೇಜಸ್ ತಾನೇ ಎದ್ದು ನಿಂತು, “ದ ಕೊಡುಬಳೆ ಈಸ್ ಈಟೆಡ್” ಎಂದ. ತರಗತಿಯೆಲ್ಲ ನಕ್ಕಿತು. ಅವನ ಪಕ್ಕದ ಹುಡುಗಿ ‘ಈಟನ್’ ಎಂದು ತಿದ್ದಿದಳು. ಬೆಲ್ ಹೊಡೆದಾಗ ಮಕ್ಕಳು ‘ಅಯ್ಯೋ’ ಎಂದದ್ದು ಆ ವರ್ಷ ಅದೇ ಮೊದಲು.

ಸಂಜೆ ನನ್ನನ್ನು ಆಫೀಸಿಗೆ ಕರೆದರು. ಕಾರ್ಯದರ್ಶಿಗಳ ಮುಖ ಇನ್ನೂ ಸಡಿಲವಾಗಿರಲಿಲ್ಲ. ಮಾತಾಡಿದ್ದು ಮೇಷ್ಟರು. “ಹೊರಗಿನೋರು ಬೇಡ, ಇವರೇ ಇರ್ಲಿ ಅಂತ ಹೇಳಿದ್ದೀನಿ. ಒಂದು ಷರತ್ತು. ಶನಿವಾರ ನಾನೂ ಬರ್ತೀನಿ, ಎಡಗೈ ಎತ್ತಿದ ಮಕ್ಕಳಲ್ಲಿ ಅರ್ಧ ನನಗೆ ಬಿಟ್ಕೊಡಿ.”

ನನಗೆ ನಂಬಿಕೆ ಬರಲಿಲ್ಲ. ಕೊಡುಬಳೆ ಪಾಠ ಅವರಿಗೆ ಹಿಡಿಸಿತೇನೋ ಎಂದುಕೊಂಡು ಹಾಗೇ ಕೇಳಿದೆ.

“ಅದು ಚೆನ್ನಾಗಿತ್ತು. ಆದ್ರೆ ನಾನು ಅದಕ್ಕೆ ಮುಂಚೇನೇ ತೀರ್ಮಾನ ಮಾಡಿದ್ದೆ. ಆ ಹುಡುಗಿ ಅಳ್ತಾ ಅಳ್ತಾ ‘ನಮ್ ಮಿಸ್ ಏನೂ ಹೇಳ್ಕೊಟ್ಟಿಲ್ಲ’ ಅಂದ್ಲಲ್ಲ, ಆಗ. ಬೇಡದ ಮೇಷ್ಟರಿಗೋಸ್ಕರ ಮಕ್ಕಳು ಹಾಗೆ ಒದ್ದಾಡಲ್ಲಮ್ಮ. ಪಾಠ ಮಾಡೋದನ್ನ ಕಲೀಬಹುದು, ಇದನ್ನ ಯಾವ ಕಂಪನಿಯಿಂದ ತರ್ಸೋದು?”

ಆ ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ. ಮೇಷ್ಟರು ಹೇಳಿದಂತೆ ಪ್ರತಿ ಶನಿವಾರ ಬಂದರು, ವರ್ಷ ಪೂರ್ತಿ. ಒಂದು ದಿನವೂ ಆಟೋ ಚಾರ್ಜು ತೆಗೆದುಕೊಳ್ಳಲಿಲ್ಲ. ಪಾಠ ಹೇಗೆ ಮಾಡಬೇಕೆಂದು ನನಗೆ ಒಮ್ಮೆಯೂ ಉಪದೇಶ ಮಾಡಲಿಲ್ಲ. ಅವರು ಮಾಡುವುದನ್ನು ನೋಡುತ್ತ ನಾನೇ ಕಲಿತೆ. ಮುಂದಿನ ಜೂನ್‌ನಲ್ಲಿ ನನ್ನ ಕೆಲಸ ಖಾಯಂ ಆಯಿತು. ಅವರ ಋಣ ತೀರಿಸುವ ದಾರಿ ನನಗಂತೂ ಗೊತ್ತಿಲ್ಲ.

ಆದರೆ ಆ ಪಾಠದ ಮಾರನೆಯ ದಿನ ಭೂಮಿಕಾ ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಫೋನ್ ಮಾಡಿದರೆ ಅವಳಮ್ಮ, “ಹೊಟ್ಟೆನೋವು ಅಂತಾಳೆ ಮಿಸ್, ಏನೂ ತಿಂತಿಲ್ಲ” ಎಂದರು. ಶಾಲೆ ಬಿಟ್ಟ ಮೇಲೆ ನಾನೇ ವೈಯಾಲಿಕಾವಲ್‌ಗೆ ನಡೆದುಕೊಂಡು ಹೋದೆ. ಅಡುಗೆಮನೆಯಲ್ಲಿ ಅಜ್ಜಿ ಹಿಟ್ಟು ಹೊಸೆಯುತ್ತಿದ್ದರು. ನನ್ನ ದನಿ ಕೇಳಿ ಭೂಮಿಕಾ ಬಾಗಿಲ ಹಿಂದೆ ಸರಿದುಕೊಂಡಳು. ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಅಲ್ಲಿಂದಲೇ ಕೇಳಿದಳು.

“ನಿಮ್ ಕೆಲಸ ಹೋಯ್ತಾ ಮಿಸ್?”

ಎರಡು ದಿನದಿಂದ ಆ ಮಗು ನುಂಗಲಾರದೆ ಕೂತಿದ್ದದ್ದು ಇದನ್ನೇ. ತಾನು ಕೂಗಿದ್ದರಿಂದ ನನ್ನ ಅನ್ನ ಹೋಯಿತು ಎಂದು. ನನ್ನ ಭಯವನ್ನೇ ಲೆಕ್ಕ ಹಾಕುತ್ತ ಕೂತಿದ್ದ ನನಗೆ ಅವಳ ಭಯದ ನೆನಪೇ ಬಂದಿರಲಿಲ್ಲ.

“ಇಲ್ಲ ಕಣೇ. ಉಳೀತು. ನಿನ್ನಿಂದಾನೇ ಉಳೀತು” ಎಂದೆ.

ಅವಳು ನಂಬಲಿಲ್ಲ. ಬಾಗಿಲ ಸಂದಿಯಿಂದ ನನ್ನ ಮುಖವನ್ನು ಚೆನ್ನಾಗಿ ನೋಡಿ, ನಿಜವೆಂದು ಖಾತ್ರಿಯಾದ ಮೇಲೆ ಹೊರಗೆ ಬಂದು ನನ್ನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಮೇಲೆ ನನ್ನ ತರಗತಿಗೆ ಎಷ್ಟೋ ಮಂದಿ ನೋಡುವವರು ಬಂದುಹೋದರು. ಯಾರಿಗೂ ತೋರಿಸಲೆಂದು ನಾನು ಏನನ್ನೂ ಅಭ್ಯಾಸ ಮಾಡಿಸಲಿಲ್ಲ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಮಿಸ್’ ಎನ್ನಿ ಎಂದಷ್ಟೇ ಹೇಳುತ್ತೇನೆ. ಮಗು ಹಾಗೆನ್ನುವುದು ತನ್ನ ಮರ್ಯಾದೆಯನ್ನು ನಮ್ಮ ಕೈಗೆ ಕೊಟ್ಟು. ಅದನ್ನು ಕೆಳಗೆ ಬೀಳದ ಹಾಗೆ ಹಿಡಿದುಕೊಳ್ಳುವುದೇ ನಮ್ಮ ಕೆಲಸ, ಉಳಿದದ್ದೆಲ್ಲ ಸಿಲಬಸ್ಸು.